ಎಂಜಿನ್ ದುರಸ್ತಿ: ಬಿಲ್ಲಿಗಿಂತ ಮೊದಲು ಕಾರಣ ಬೇಕು

ಲಾರಿ, ಡೀಸೆಲ್ ಜನರೇಟರ್, ಕಂಪ್ರೆಸರ್ ಅಥವಾ ಮಣ್ಣು ತೆಗೆಯುವ ಯಂತ್ರ, ಇವುಗಳಲ್ಲಿ ಯಾವುದಾದರೊಂದನ್ನು ಹೊಂದಿರದ ಉದ್ದಿಮೆ ಇಂದು ವಿರಳ. ವರ್ಷಾಂತ್ಯದಲ್ಲಿ ಅವುಗಳ ಲೆಕ್ಕಪತ್ರಗಳನ್ನು ತೆರೆದರೆ 'ದುರಸ್ತಿ ಮತ್ತು ನಿರ್ವಹಣೆ' ಎಂಬ ಶೀರ್ಷಿಕೆಯಡಿ ಒಂದು ದೊಡ್ಡ ಮೊತ್ತ ಕಾಣುತ್ತದೆ. ಅದಕ್ಕೆ ಲಗತ್ತಿಸಿದ ಬಿಲ್ಲಿನಲ್ಲಿ ಬೇರಿಂಗ್ ಸೆಟ್, ಕ್ರ್ಯಾಂಕ್ ಗ್ರೈಂಡಿಂಗ್, ಆಯಿಲ್, ಕೂಲಿ ಎಂಬ ನಾಲ್ಕು ಸಾಲುಗಳಿರುತ್ತವೆ. ಮೊತ್ತದ ಕೂಡಿಕೆ ಸರಿಯಾಗಿರುತ್ತದೆ, ತೆರಿಗೆಯ ಲೆಕ್ಕ ಸರಿಯಾಗಿರುತ್ತದೆ, ಪಾವತಿಗೆ ಒಪ್ಪಿಗೆಯ ಸಹಿಯೂ ಇರುತ್ತದೆ. ಬೇರಿಂಗ್ ಏಕೆ ಕೆಟ್ಟಿತು ಎಂಬ ಒಂದು ವಾಕ್ಯ ಮಾತ್ರ ಎಲ್ಲಿಯೂ ಇರುವುದಿಲ್ಲ. ಕೆಲವು ತಿಂಗಳ ನಂತರ ಅದೇ ವಾಹನದ ಹೆಸರಿನಲ್ಲಿ ಅಂಥದೇ ಇನ್ನೊಂದು ಬಿಲ್ಲು ಬಂದಾಗ ಮೇಸ್ತ್ರಿಯನ್ನೋ ಚಾಲಕನನ್ನೋ ಬಿಡಿಭಾಗದ ಅಂಗಡಿಯನ್ನೋ ದೂರುವುದು ರೂಢಿಯಾಗಿದೆ.

ಒಂದು ರೂಪಾಯಿಯ ಖರ್ಚಿಗೂ ವೋಚರು ಕೇಳುವ ವ್ಯಾಪಾರಸ್ಥರು ಲಕ್ಷಾಂತರ ರೂಪಾಯಿಗಳ ಎಂಜಿನ್ ಕೆಲಸಕ್ಕೆ ಕಾರಣ ಕೇಳದಿರುವುದು ಸೋಜಿಗದ ಸಂಗತಿ. ಕನೆಕ್ಟಿಂಗ್ ರಾಡ್ ಬೇರಿಂಗ್ ವಿಫಲವಾದಾಗ ಅದರ ಕಾರಣವನ್ನು ಪತ್ತೆಹಚ್ಚಿ ಬರವಣಿಗೆಯಲ್ಲಿ ಪಡೆಯುವವರೆಗೆ ಹೊಸ ಬೇರಿಂಗ್ ಕೂರಿಸಬಾರದು, ಬಿಲ್ಲಿನ ಪೂರ್ಣ ಮೊತ್ತವನ್ನೂ ಪಾವತಿಸಬಾರದು. ಇದು ತಾಂತ್ರಿಕ ಶಿಸ್ತು ಎನಿಸಿದರೂ ಇದರ ಫಲಾಫಲಗಳೆಲ್ಲ ಲಾಭ-ನಷ್ಟದ ಖಾತೆಗೇ ಬಂದು ಸೇರುತ್ತವೆ.

ಬೇರಿಂಗ್ ಎಂಬ ಸಾಕ್ಷಿ

ಪಿಸ್ಟನ್ನಿನ ಮೇಲು-ಕೆಳಗಿನ ಚಲನೆಯನ್ನು ಕ್ರ್ಯಾಂಕ್ ಶಾಫ್ಟಿನ ಸುತ್ತುವಿಕೆಯಾಗಿ ಪರಿವರ್ತಿಸುವ ಕೊಂಡಿಯೇ ಕನೆಕ್ಟಿಂಗ್ ರಾಡ್. ಅದರ ದೊಡ್ಡ ತುದಿಯು ಕ್ರ್ಯಾಂಕಿನ ಜರ್ನಲನ್ನು ಹಿಡಿದಿರುವಲ್ಲಿ ಅರ್ಧ ಬಳೆಯಾಕಾರದ ಎರಡು ಚಿಪ್ಪುಗಳಿರುತ್ತವೆ. ಇವೇ ಬಿಗ್ ಎಂಡ್ ಬೇರಿಂಗುಗಳು. ಉಕ್ಕಿನ ಬೆನ್ನಿನ ಮೇಲೆ ತಾಮ್ರ-ಸೀಸದ ಅಥವಾ ಅಲ್ಯೂಮಿನಿಯಂ-ತವರದ ಮಿಶ್ರಲೋಹದ ಪದರವನ್ನು ಹೊದಿಸಿ ಇವನ್ನು ತಯಾರಿಸುತ್ತಾರೆ. ಹಲವು ಡೀಸೆಲ್ ಎಂಜಿನುಗಳಲ್ಲಿ ಅದರ ಮೇಲೆ ಸುಮಾರು 15ರಿಂದ 25 ಮೈಕ್ರಾನ್ ದಪ್ಪದ ಇನ್ನೊಂದು ಮೆತು ಲೇಪವಿರುತ್ತದೆ. ಜರ್ನಲಿಗೂ ಬೇರಿಂಗಿಗೂ ನಡುವೆ ಬಿಡುವ ಸಂದು, ಸ್ಥೂಲವಾಗಿ ಹೇಳುವುದಾದರೆ, ಜರ್ನಲಿನ ವ್ಯಾಸದ ಸಾವಿರದಲ್ಲೊಂದು ಭಾಗ. 60 ಮಿಲಿಮೀಟರ್ ವ್ಯಾಸದ ಜರ್ನಲಿಗೆ 0.06 ಮಿಲಿಮೀಟರಿನಷ್ಟು. ಎಂಜಿನ್ ದುಡಿಯುವಾಗ ಅತಿ ಹೆಚ್ಚು ಭಾರ ಬೀಳುವೆಡೆ ಈ ಎರಡು ಲೋಹಗಳನ್ನು ಬೇರ್ಪಡಿಸುವ ಎಣ್ಣೆಯ ಪದರ ಕೆಲವೇ ಮೈಕ್ರಾನುಗಳದ್ದು.

ಬೇರಿಂಗನ್ನು ಉದ್ದೇಶಪೂರ್ವಕವಾಗಿಯೇ ಮೆತುವಾಗಿ ಮಾಡಿರುತ್ತಾರೆ. ಎಣ್ಣೆಯೊಡನೆ ಬಂದ ಸಣ್ಣ ಕಣವನ್ನು ತನ್ನೊಳಗೆ ಹುದುಗಿಸಿಕೊಂಡು, ತಾನು ಸವೆದು, ಬೆಲೆಬಾಳುವ ಕ್ರ್ಯಾಂಕ್ ಶಾಫ್ಟನ್ನು ಉಳಿಸುವುದು ಅದರ ಧರ್ಮ. ಆದ್ದರಿಂದ ಬೇರಿಂಗ್ ಹೋಯಿತೆಂದರೆ ಸಾಮಾನ್ಯವಾಗಿ ಬೇರೆಲ್ಲೋ ನಡೆದ ತಪ್ಪಿಗೆ ಅದು ಬಲಿಯಾಗಿದೆ ಎಂದೇ ಅರ್ಥ. ಬಲಿಯಾದದ್ದನ್ನು ಬದಲಿಸಿ ತಪ್ಪನ್ನು ಹಾಗೆಯೇ ಬಿಟ್ಟರೆ ಹೊಸ ಬೇರಿಂಗಿಗೂ ಹಳೆಯದರ ಗತಿಯೇ. ಅದೃಷ್ಟವಶಾತ್ ಈ ಮೆತುಲೋಹದ ಮೇಲೆ ನಡೆದ ಘಟನೆಯ ಗುರುತು ಬರೆದಿಟ್ಟಂತೆ ಉಳಿಯುತ್ತದೆ. ಅದನ್ನು ಓದುವ ವ್ಯವಧಾನವಷ್ಟೇ ಬೇಕು.

ಸವೆತವನ್ನು ಓದುವ ಬಗೆ

ಬೇರಿಂಗ್ ತಯಾರಕರು ವೈಫಲ್ಯದ ಕಾರಣಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಡುವುದು ಕೊಳೆಗೆ. ಮೇಲ್ಮೈಯಲ್ಲಿ ಸುತ್ತು ದಿಕ್ಕಿನ ಗೀರುಗಳು, ಹುದುಗಿದ ಕಣಗಳು ಕಂಡರೆ ಎಣ್ಣೆಯಲ್ಲಿ ಧೂಳು ಅಥವಾ ಲೋಹದ ಚೂರು ಸೇರಿದೆ ಎಂದು ತಿಳಿಯಬೇಕು. ಏರ್ ಫಿಲ್ಟರಿನ ಸಂದಿನಿಂದ ಬಂದ ಧೂಳೇ, ಹಿಂದಿನ ಕೆಲಸದಲ್ಲಿ ಗ್ರೈಂಡಿಂಗ್ ಮಾಡಿ ಸರಿಯಾಗಿ ತೊಳೆಯದೆ ಬಿಟ್ಟ ಪುಡಿಯೇ ಎಂಬುದು ಮುಂದಿನ ಪ್ರಶ್ನೆ.

ಲೋಹ ಸವರಿಹೋಗಿ, ಬಿಸಿಗೆ ಕಪ್ಪಿಟ್ಟು ಕರಗಿದಂತಿದ್ದರೆ ಎಣ್ಣೆ ತಲುಪಿಲ್ಲ ಅಥವಾ ತಲುಪಿದ ಎಣ್ಣೆ ತೆಳುವಾಗಿತ್ತು. ಇಲ್ಲಿ ಒಂದು ಬೇರಿಂಗ್ ಮಾತ್ರ ಸುಟ್ಟಿದೆಯೋ ಎಲ್ಲವೂ ಸವೆದಿವೆಯೋ ಎಂಬುದು ನಿರ್ಣಾಯಕ. ರಾಡ್ ಬೇರಿಂಗಿಗೆ ಎಣ್ಣೆ ಬರುವುದು ಮೇನ್ ಜರ್ನಲಿನಿಂದ, ಕ್ರ್ಯಾಂಕ್ ಶಾಫ್ಟಿನೊಳಗೆ ಕೊರೆದ ರಂಧ್ರದ ಮೂಲಕ. ಒಂದೇ ಸುಟ್ಟಿದ್ದರೆ ಆ ರಂಧ್ರದಲ್ಲಿ ತಡೆ, ಅದಕ್ಕೆ ಎಣ್ಣೆ ಕೊಡುವ ಮೇನ್ ಬೇರಿಂಗಿನ ಸವೆತ ಅಥವಾ ಆ ರಾಡಿನ ಜೋಡಣೆಯ ದೋಷವನ್ನು ಶಂಕಿಸಬೇಕು. ಎಲ್ಲವೂ ಸವೆದಿದ್ದರೆ ಆಯಿಲ್ ಪಂಪು, ಅದರ ಜಾಲರಿ, ಆಯಿಲಿನ ಮಟ್ಟ ಮತ್ತು ದರ್ಜೆಯತ್ತ ನೋಡಬೇಕು. ಇಂಜೆಕ್ಟರ್ ಸೋರಿ ಡೀಸೆಲ್ ಬೆರೆತರೂ ಎಣ್ಣೆ ತೆಳುವಾಗಿ ಇದೇ ಪರಿಣಾಮವಾಗುತ್ತದೆ.

ಸವೆತವು ಎಲ್ಲಿದೆ ಎಂಬುದೂ ಅಷ್ಟೇ ಮಹತ್ವದ್ದು. ರಾಡಿನ ಕಡೆಯ ಮೇಲಿನ ಚಿಪ್ಪು ಮಾತ್ರ ದಣಿದು ಬಿರುಕುಬಿಟ್ಟಿದ್ದರೆ ಉರಿತದ ಒತ್ತಡ ಮಿತಿಮೀರಿದೆ. ಅತಿಭಾರ, ಮೇಲಿನ ಗೇರಿನಲ್ಲಿ ಏರು ಹತ್ತಿಸುವ ಚಾಳಿ, ಇಂಧನ ಚಿಮ್ಮುವ ಸಮಯದ ವ್ಯತ್ಯಾಸ ಇವು ಕಾರಣವಾಗಿರಬಹುದು. ಕ್ಯಾಪಿನ ಕಡೆಯ ಕೆಳಚಿಪ್ಪಿಗೆ ಹೆಚ್ಚು ಪೆಟ್ಟಾಗಿದ್ದರೆ ಇಳಿಜಾರಿನಲ್ಲಿ ಎಂಜಿನ್ ಮಿತಿಮೀರಿದ ವೇಗದಲ್ಲಿ ಓಡಿರುವ ಸಂಭವವಿದೆ. ಮೇಲಿನ ಚಿಪ್ಪಿನ ಒಂದು ಅಂಚು ಮತ್ತು ಕೆಳಗಿನ ಚಿಪ್ಪಿನ ಎದುರು ಅಂಚು ಸವೆದಿದ್ದರೆ ರಾಡ್ ಬಾಗಿದೆ. ಎರಡು ಚಿಪ್ಪುಗಳು ಕೂಡುವ ಗೆರೆಯ ಬಳಿ ಸವೆತವಿದ್ದರೆ ಕ್ಯಾಪ್ ಸರಿದು ಕುಳಿತಿದೆ ಅಥವಾ ಬೇರೊಂದು ರಾಡಿನ ಕ್ಯಾಪ್ ಅದಲುಬದಲಾಗಿದೆ. ಚಿಪ್ಪಿನ ಬೆನ್ನು ಹೊಳೆಯುತ್ತಿದ್ದರೆ ಅದು ತನ್ನ ಪೀಠದಲ್ಲಿ ಬಿಗಿಯಾಗಿ ಕೂತಿರಲಿಲ್ಲ. ಬೋಲ್ಟ್ ಹಿಗ್ಗಿರಬಹುದು, ನಿಗದಿತ ಟಾರ್ಕಿಗೆ ಬಿಗಿಯದೆ ಇದ್ದಿರಬಹುದು. ಮೇಲ್ಮೈ ಕಪ್ಪಾಗಿ ಸಣ್ಣ ಗುಳಿಗಳಿಂದ ತುಂಬಿದ್ದರೆ ರೇಡಿಯೇಟರಿನ ನೀರು ಎಣ್ಣೆಗೆ ಸೇರಿರುವ ಅಥವಾ ಆಯಿಲ್ ಬದಲಾವಣೆಯನ್ನು ಬಹಳ ಕಾಲ ಮುಂದೂಡಿರುವ ಸೂಚನೆ.

ಅನುಭವಿ ತಂತ್ರಜ್ಞರು ಪಾಲಿಸುವ ಇನ್ನೊಂದು ಕ್ರಮವಿದೆ. ಪೂರ್ಣ ಸುಟ್ಟುಹೋದ ಬೇರಿಂಗ್ ಹೆಚ್ಚೇನೂ ಹೇಳದು, ಏಕೆಂದರೆ ಕೊನೆಯ ಹಂತದ ಬಿಸಿಯು ಮೊದಲಿನ ಗುರುತುಗಳನ್ನೆಲ್ಲ ಅಳಿಸಿರುತ್ತದೆ. ಅದರ ಪಕ್ಕದ, ಇನ್ನೂ ಕೆಲಸ ಮಾಡುತ್ತಿದ್ದ ಬೇರಿಂಗುಗಳಲ್ಲಿ ಅದೇ ರೋಗದ ಆರಂಭದ ಹಂತ ಕಾಣಸಿಗುತ್ತದೆ. ಆದ್ದರಿಂದ ಕೆಟ್ಟದ್ದನ್ನು ಮಾತ್ರ ನೋಡದೆ ಎಲ್ಲ ಚಿಪ್ಪುಗಳನ್ನೂ ಸಿಲಿಂಡರಿನ ಸಂಖ್ಯೆ ಮತ್ತು ಮೇಲು-ಕೆಳಗಿನ ಗುರುತು ಬರೆದು, ಸಾಲಾಗಿ ಜೋಡಿಸಿ ನೋಡಬೇಕು. ಚಿಪ್ಪುಗಳನ್ನು ಬಿಚ್ಚಿದ ಕೂಡಲೇ ಡಬ್ಬಕ್ಕೆ ಸುರಿದು ಗುಜರಿಗೆ ಹಾಕುವ ಪದ್ಧತಿಯಿಂದ ಇಡೀ ಸಾಕ್ಷ್ಯವೇ ನಾಶವಾಗುತ್ತದೆ.

ಅಮೆರಿಕದಲ್ಲಿ ನಡೆದ ಒಂದು ಪ್ರಕರಣ

ಕಾರಣವನ್ನು ಅರೆಬರೆಯಾಗಿ ತಿಳಿದರೆ ಲೆಕ್ಕಪತ್ರ ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು ಅರಿಯಲು ಹ್ಯುಂಡೈ ಮತ್ತು ಕಿಯಾ ಕಂಪನಿಗಳ 'ಥೀಟಾ 2' ಎಂಜಿನಿನ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಸೆಪ್ಟೆಂಬರ್ 2015ರಲ್ಲಿ ಹ್ಯುಂಡೈ ಕಂಪನಿಯು ಅಮೆರಿಕದಲ್ಲಿ 2011 ಮತ್ತು 2012ರ ಮಾದರಿಯ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಹಿಂದಕ್ಕೆ ಕರೆಸಿತು. ಕ್ರ್ಯಾಂಕ್ ಶಾಫ್ಟ್ ತಯಾರಿಕೆಯ ವೇಳೆ ಎಣ್ಣೆಯ ದಾರಿಯಲ್ಲಿ ಉಳಿದ ಲೋಹದ ಚೂರುಗಳು ಕನೆಕ್ಟಿಂಗ್ ರಾಡ್ ಬೇರಿಂಗಿಗೆ ಹೋಗುವ ಎಣ್ಣೆಯನ್ನು ತಡೆಯುತ್ತಿವೆ ಎಂಬುದು ಆಗ ನೀಡಲಾದ ಕಾರಣ. ಎಂಜಿನ್ ಓಡುತ್ತಿರುವಾಗಲೇ ನಿಂತುಹೋಗುವ ಅಪಾಯವಿದ್ದುದರಿಂದ ಇದು ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆಯೂ ಆಗಿತ್ತು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕಂಪನಿಯ ಎಂಜಿನಿಯರ್ ಕಿಮ್ ಗ್ವಾಂಗ್-ಹೊ ಅವರು 2016ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತಕ್ಕೆ ಮಾಹಿತಿ ನೀಡಿದರು. 2017ರಲ್ಲಿ ಎರಡೂ ಕಂಪನಿಗಳು ಸೇರಿ ಸುಮಾರು 11.9 ಲಕ್ಷ ವಾಹನಗಳನ್ನು ಮತ್ತೆ ಹಿಂದಕ್ಕೆ ಕರೆಸಬೇಕಾಯಿತು. ಬೇರಿಂಗ್ ಸವೆಯುವಾಗ ಉಂಟಾಗುವ ಕಂಪನವನ್ನು ಮೊದಲೇ ಗುರುತಿಸುವ ತಂತ್ರಾಂಶವನ್ನು ಬಳಿಕ ಅಳವಡಿಸಲಾಯಿತು. 16 ಲಕ್ಷ ವಾಹನಗಳ ವಿಷಯದಲ್ಲಿ ಸಕಾಲಕ್ಕೆ ಕ್ರಮ ಕೈಗೊಳ್ಳದ ಕಾರಣ 2020ರ ನವೆಂಬರಿನಲ್ಲಿ ಎರಡೂ ಕಂಪನಿಗಳ ಮೇಲೆ ಒಟ್ಟು 21 ಕೋಟಿ ಡಾಲರುಗಳ ದಂಡದ ಒಪ್ಪಂದವಾಯಿತು. ಮಾಹಿತಿ ನೀಡಿದ ಎಂಜಿನಿಯರಿಗೆ 2021ರಲ್ಲಿ 2.4 ಕೋಟಿ ಡಾಲರಿಗೂ ಮಿಕ್ಕಿದ ಬಹುಮಾನ ದೊರೆಯಿತು.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಇದಕ್ಕಿಂತ ಗಮನಾರ್ಹವಾದುದು ಕಂಪನಿಗಳು ತೆಗೆದಿರಿಸಬೇಕಾಗಿ ಬಂದ ಪ್ರಾವಿಷನ್ ಮೊತ್ತ. 2020ರ ಮೂರನೆಯ ತ್ರೈಮಾಸಿಕದಲ್ಲಿ ಹ್ಯುಂಡೈ 2.1 ಲಕ್ಷ ಕೋಟಿ ವಾನ್, ಕಿಯಾ 1.26 ಲಕ್ಷ ಕೋಟಿ ವಾನ್ ತೆಗೆದಿರಿಸಿದವು. ಇದರ ಪ್ರಧಾನ ಕಾರಣ ಎಂಜಿನ್ ದೋಷದ ವೆಚ್ಚವೇ. ಪರಿಣಾಮವಾಗಿ ಆ ತ್ರೈಮಾಸಿಕದಲ್ಲಿ ಹ್ಯುಂಡೈ 31,380 ಕೋಟಿ ವಾನ್ ಕಾರ್ಯನಿರ್ವಹಣಾ ನಷ್ಟ ತೋರಿಸಿತು. ಅಷ್ಟಾದರೂ ಅಂದಾಜು ಸಾಲದೆ 2022ರ ಮೂರನೆಯ ತ್ರೈಮಾಸಿಕದಲ್ಲಿ ಮತ್ತೆ 1.36 ಲಕ್ಷ ಕೋಟಿ ಮತ್ತು 1.54 ಲಕ್ಷ ಕೋಟಿ ವಾನ್ ಸೇರಿಸಬೇಕಾಯಿತು. ಹೊಣೆಗಾರಿಕೆಗೆ ಪ್ರಾವಿಷನ್ ಮಾಡುವಾಗ ವಿಶ್ವಾಸಾರ್ಹ ಅಂದಾಜು ಇರಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಎಷ್ಟು ಎಂಜಿನುಗಳು, ಯಾವ ಕಾರಣಕ್ಕೆ, ಎಷ್ಟು ಕಾಲದೊಳಗೆ ಕೆಡುತ್ತವೆ ಎಂಬುದು ಖಚಿತವಾಗದೆ ಅಂಥ ಅಂದಾಜು ಅಸಾಧ್ಯ. ಕಾರ್ಯಾಗಾರದಲ್ಲಿ ಆಗದ ನಿದಾನ ಕೊನೆಗೆ ಷೇರುದಾರರ ಮುಂದೆ ಬಂದು ನಿಲ್ಲುತ್ತದೆ.

ಈ ಬಗೆಯ ದೋಷ ಒಂದು ದೇಶದ ಅಥವಾ ಒಂದು ಕಂಪನಿಯ ಸೊತ್ತೂ ಅಲ್ಲ. 2025ರ ಏಪ್ರಿಲಿನಲ್ಲಿ ಜನರಲ್ ಮೋಟರ್ಸ್ ಕಂಪನಿಯು ಅಮೆರಿಕದಲ್ಲಿ 6.2 ಲೀಟರ್ ಎಂಜಿನಿನ ಸುಮಾರು 6 ಲಕ್ಷ ವಾಹನಗಳನ್ನು ಕನೆಕ್ಟಿಂಗ್ ರಾಡ್ ಮತ್ತು ಕ್ರ್ಯಾಂಕ್ ಶಾಫ್ಟ್ ದೋಷಕ್ಕಾಗಿ ಹಿಂದಕ್ಕೆ ಕರೆಸಿತು. ತಪಾಸಣೆಯಲ್ಲಿ ತೇರ್ಗಡೆಯಾದ ಎಂಜಿನುಗಳಿಗೆ ಹೆಚ್ಚು ಗಟ್ಟಿಯಾದ ದರ್ಜೆಯ ಎಣ್ಣೆಯನ್ನು ಹಾಕುವುದು ಪರಿಹಾರದ ಭಾಗವಾಗಿತ್ತು.

ಸಣ್ಣ ಉದ್ಯಮಿಯ ಲೆಕ್ಕ

ದೊಡ್ಡ ಕಂಪನಿಗಳಿಗೆ ಪ್ರಯೋಗಾಲಯಗಳಿವೆ, ನಷ್ಟ ತಡೆದುಕೊಳ್ಳುವ ಬಂಡವಾಳವಿದೆ. ಬ್ಯಾಂಕ್ ಸಾಲದಲ್ಲಿ ಎರಡು ಲಾರಿ ಕೊಂಡವರಿಗೆ ಒಂದು ಲಾರಿ ನಿಂತರೆ ಅರ್ಧ ವ್ಯಾಪಾರವೇ ನಿಂತಂತೆ. ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಕಾರಣ ಪತ್ತೆಯ ಅಗತ್ಯ ಇಂಥವರಿಗೇ ಹೆಚ್ಚು.

ಕೇವಲ ಉದಾಹರಣೆಗಾಗಿ ಒಂದು ಲೆಕ್ಕ ಹಾಕಬಹುದು. ಬಿಡಿಭಾಗ, ಗ್ರೈಂಡಿಂಗ್ ಮತ್ತು ಕೂಲಿ ಸೇರಿ 1,60,000 ರೂಪಾಯಿ, ಲಾರಿ ನಿಂತ 15 ದಿನಗಳಿಗೆ ದಿನವೊಂದಕ್ಕೆ 4,000ದಂತೆ ಕೈತಪ್ಪಿದ ಆದಾಯ 60,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ವೈಫಲ್ಯದ ವೆಚ್ಚ 2,20,000 ರೂಪಾಯಿ. ಕಾರಣ ಪತ್ತೆಗಾಗಿ ಅಳತೆ, ಆಯಿಲ್ ಪರೀಕ್ಷೆ, ಆಯಿಲ್ ಕೂಲರಿನ ಶುದ್ಧೀಕರಣಕ್ಕೆ 15,000 ಮತ್ತು ಎರಡು ದಿನಗಳ ಹೆಚ್ಚುವರಿ ವಿಳಂಬಕ್ಕೆ 8,000, ಒಟ್ಟು 23,000 ರೂಪಾಯಿ ಎಂದುಕೊಳ್ಳೋಣ. ಮರುವೈಫಲ್ಯದ ಸಂಭವವು ನೂರಕ್ಕೆ 11ರಷ್ಟು ಕಡಿಮೆಯಾದರೂ ಈ ವೆಚ್ಚ ಹಿಂದಿರುಗುತ್ತದೆ. ಇದಕ್ಕಿಂತ ಉತ್ತಮ ಪ್ರತಿಫಲ ಕೊಡುವ ಹೂಡಿಕೆ ಸಾಗಣೆ ವ್ಯವಹಾರದಲ್ಲಿ ಹೆಚ್ಚಿಲ್ಲ. ಈ ಲೆಕ್ಕದಲ್ಲಿ ಕ್ರ್ಯಾಂಕ್ ಶಾಫ್ಟಿನ ಆಯುಷ್ಯ ಸೇರಿಲ್ಲ ಎಂಬುದನ್ನೂ ಗಮನಿಸಬೇಕು. ಪ್ರತಿ ಬಾರಿ ಗ್ರೈಂಡಿಂಗ್ ಮಾಡಿದಾಗಲೂ ಜರ್ನಲ್ ಸಾಮಾನ್ಯವಾಗಿ 0.25 ಮಿಲಿಮೀಟರಿನಂತೆ ಚಿಕ್ಕದಾಗುತ್ತದೆ. ತಯಾರಕರು ನಿಗದಿಪಡಿಸಿದ ಮಿತಿ ದಾಟಿದ ಮೇಲೆ ಅದು ಗುಜರಿಗೇ ಸರಿ.

ವಿಮೆಯ ವಿಷಯದಲ್ಲಿ ಕಾರಣವೇ ಸರ್ವಸ್ವ. ವಾಹನದ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಸವೆತ ಮತ್ತು ಯಾಂತ್ರಿಕ ವೈಫಲ್ಯಕ್ಕೆ ಪರಿಹಾರವಿಲ್ಲ. ನೀರು ಒಳನುಗ್ಗಿದ್ದರಿಂದ ಎಂಜಿನಿಗಾದ ಹಾನಿಗೆ ಪ್ರತ್ಯೇಕ ರಕ್ಷಣೆ ಪಡೆದಿದ್ದರೆ ಪರಿಸ್ಥಿತಿ ಬೇರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಮಳೆನೀರು ನಿಂತಾಗ ಅನೇಕ ವಾಹನಗಳು ಮುಳುಗಿದ್ದವು. ಸಿಲಿಂಡರಿನೊಳಗೆ ನೀರು ಹೋದ ಸ್ಥಿತಿಯಲ್ಲಿ ಎಂಜಿನ್ ತಿರುಗಿಸಿದರೆ, ನೀರು ಕುಗ್ಗದ ಕಾರಣ ರಾಡ್ ಬಾಗುತ್ತದೆ. ಬಾಗಿದ ರಾಡ್ ಕೆಲವೊಮ್ಮೆ ಕೂಡಲೇ ಮುರಿಯದೆ ವಾರಗಟ್ಟಲೆ ಓಡಿ ನಂತರ ಬೇರಿಂಗನ್ನು ಕೆಡಿಸುತ್ತದೆ. ಎದುರುಬದುರು ಅಂಚುಗಳಲ್ಲಿ ಸವೆದ ಚಿಪ್ಪು ಮತ್ತು ರಾಡಿನ ಬಾಗಿನ ಅಳತೆ ಕೈಯಲ್ಲಿದ್ದರೆ ಸರ್ವೇಯರ್ ಮುಂದೆ ಮಾತಿಗೊಂದು ಆಧಾರವಿರುತ್ತದೆ. ಅವೆರಡೂ ಇಲ್ಲದವರಿಗೆ 'ಸವೆತ' ಎಂಬ ಒಂದೇ ಪದದ ಉತ್ತರ ಸಿಕ್ಕುತ್ತದೆ. ಕಾರ್ಖಾನೆಯ ಜನರೇಟರಿಗೆ ಪಡೆಯುವ ಯಂತ್ರ ವೈಫಲ್ಯ ವಿಮೆಯಲ್ಲಿಯೂ ಹಠಾತ್ ಹಾನಿ ಮತ್ತು ಕ್ರಮೇಣ ಸವೆತ ಎಂಬ ಭೇದವೇ ತೀರ್ಮಾನದ ತಿರುಳು.

ತೆರಿಗೆಯಲ್ಲೂ ಇದು ಅಪ್ರಸ್ತುತವಲ್ಲ. ಇರುವ ಆಸ್ತಿಯನ್ನು ಉಳಿಸಿ ಕಾಪಾಡಲು ಮಾಡಿದ ಖರ್ಚು 'ಚಾಲ್ತಿ ದುರಸ್ತಿ', ಹೊಸ ಆಸ್ತಿಯನ್ನು ತರುವ ಖರ್ಚು ಹಾಗಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಏನು ಕೆಟ್ಟಿತು, ಏಕೆ ಕೆಟ್ಟಿತು, ಯಾವ ಭಾಗವನ್ನು ಬದಲಿಸಲಾಯಿತು ಎಂಬ ವರದಿ ಕಡತದಲ್ಲಿದ್ದರೆ ಖರ್ಚಿನ ಸ್ವರೂಪವನ್ನು ಸಮರ್ಥಿಸುವುದು ಸುಲಭ. 'ಎಂಜಿನ್ ಕೆಲಸ' ಎಂಬ ಎರಡು ಪದಗಳಿಂದ ಏನನ್ನೂ ಸಮರ್ಥಿಸಲಾಗದು.

ಆಕ್ಷೇಪಗಳು

ಈ ಸಲಹೆಗೆ ಕೆಲವು ಆಕ್ಷೇಪಗಳು ಬರುವುದು ಸಹಜ. ವಾಹನ ನಿಂತ ಒಂದೊಂದು ದಿನವೂ ನಷ್ಟ, ಕಾರಣ ಹುಡುಕುತ್ತಾ ಕೂರಲು ಸಮಯವೆಲ್ಲಿ ಎಂಬುದು ಮೊದಲನೆಯದು. ಕ್ರ್ಯಾಂಕ್ ಶಾಫ್ಟ್ ಗ್ರೈಂಡಿಂಗಿಗೆ ಹೋಗಿ ಬರುವ ದಿನಗಳಲ್ಲೇ ಬಹುಪಾಲು ಪರಿಶೀಲನೆ ಮುಗಿಯಬಲ್ಲುದು. ಅದಕ್ಕೆ ಬೇಕಾದದ್ದು ಬಿಚ್ಚುವಾಗಿನ ಶಿಸ್ತು.

ಮೇಸ್ತ್ರಿಗೆ ಎಲ್ಲವೂ ಗೊತ್ತು, ಅವರ ಮಾತೇ ಸಾಕು ಎಂಬುದು ಎರಡನೆಯದು. ಒಳ್ಳೆಯ ಮೇಸ್ತ್ರಿಗಳ ಜ್ಞಾನ ಅಪಾರವೆಂಬುದು ನಿಜ. ಆದರೆ ಹಿಂದಿನ ಜೋಡಣೆ ಅವರದೇ ಆಗಿದ್ದಲ್ಲಿ ತಮ್ಮದೇ ಕೆಲಸದ ತಪ್ಪನ್ನು ತಾವೇ ಹೇಳಬೇಕಾದ ಇಕ್ಕಟ್ಟು ಅವರಿಗೆ ಎದುರಾಗುತ್ತದೆ. ನಗದು ಪೆಟ್ಟಿಗೆ ಕಾಯುವವರೇ ನಗದು ಎಣಿಕೆಯ ವರದಿಯನ್ನೂ ಬರೆಯಬಾರದೆಂಬುದು ಲೆಕ್ಕಪರಿಶೋಧನೆಯ ಮೊದಲ ಪಾಠ. ಆ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಅಳತೆಗಳನ್ನು ಇನ್ನೊಬ್ಬರು ತೆಗೆದುಕೊಂಡರೆ ಪ್ರಾಮಾಣಿಕ ಮೇಸ್ತ್ರಿಗೂ ಅದು ರಕ್ಷಣೆಯೇ. ಚಾಲಕನ ಮೇಲೆ ಸುಮ್ಮನೆ ಹೊರಿಸುವ ಆರೋಪವೂ ಇದರಿಂದ ತಪ್ಪುತ್ತದೆ. ರಂಧ್ರ ಕಟ್ಟಿಕೊಂಡದ್ದರಿಂದ ಸುಟ್ಟ ಬೇರಿಂಗಿಗೆ ಚಾಲಕನ ಸಂಬಳ ಕಡಿತ ಮಾಡುವುದು ನ್ಯಾಯವಲ್ಲ.

ಎಲ್ಲ ಪ್ರಕರಣಗಳಲ್ಲೂ ಕಾರಣ ಸಿಕ್ಕೇ ಸಿಗುತ್ತದೆಯೆ ಎಂಬುದು ಮೂರನೆಯ ಆಕ್ಷೇಪ. ಸಿಗಲಾರದು, ಹಲವು ಬಾರಿ ಒಂದಕ್ಕಿಂತ ಹೆಚ್ಚು ಕಾರಣಗಳು ಕೂಡಿರುತ್ತವೆ. ಅಂಥ ಸಂದರ್ಭದಲ್ಲಿ ತಳ್ಳಿಹಾಕಲಾದ ಕಾರಣಗಳ ಪಟ್ಟಿಯೂ ಉಪಯುಕ್ತವೇ. ಪಂಪು ಸರಿಯಿದೆ, ರಾಡ್ ನೇರವಿದೆ, ಎಣ್ಣೆಯಲ್ಲಿ ನೀರಿಲ್ಲ ಎಂದು ತಿಳಿದವರು ಮುಂದಿನ ಬಾರಿ ಮೊದಲಿನಿಂದ ಹುಡುಕಬೇಕಾಗಿಲ್ಲ.

ಆಗಬೇಕಾದ ಕ್ರಮಗಳು

ಎಂಜಿನ್ ಬಿಚ್ಚುವ ಮೊದಲು, ಅದು ತಿರುಗುವ ಸ್ಥಿತಿಯಲ್ಲಿದ್ದರೆ, ಪ್ರತ್ಯೇಕ ಗೇಜಿನಿಂದ ಆಯಿಲ್ ಒತ್ತಡವನ್ನು ಅಳೆದು ಬರೆದಿಡಬೇಕು. ಹಳೆಯ ಆಯಿಲಿನ ಒಂದು ಸಣ್ಣ ಬಾಟಲಿಯನ್ನು ಮೊಹರು ಮಾಡಿ ಪರೀಕ್ಷೆಗೆ ಕಳಿಸಬೇಕು. ಅದರಲ್ಲಿ ಸಿಲಿಕಾನ್ ಹೆಚ್ಚಿದ್ದರೆ ಧೂಳು, ಸೋಡಿಯಂ ಹೆಚ್ಚಿದ್ದರೆ ಕೂಲಂಟ್, ತಾಮ್ರ-ಸೀಸ ಹೆಚ್ಚಿದ್ದರೆ ಬೇರಿಂಗಿನ ಲೋಹ ಎಂಬ ಸುಳಿವು ಸಿಗುತ್ತದೆ. ಆಯಿಲ್ ಫಿಲ್ಟರನ್ನು ಕತ್ತರಿಸಿ ಒಳಗೆ ಸಿಕ್ಕಿದ ಚೂರುಗಳನ್ನು ನೋಡಬೇಕು. ಚಿಪ್ಪುಗಳನ್ನು ಗುರುತುಹಾಕಿ ತೆಗೆದು ಛಾಯಾಚಿತ್ರ ಹಿಡಿಯಬೇಕು. ಜರ್ನಲನ್ನು ಹಲವು ಕಡೆ ಮೈಕ್ರೋಮೀಟರಿನಿಂದ ಅಳೆಯಬೇಕು. ಚಿಪ್ಪುಗಳಿಲ್ಲದೆ ಕ್ಯಾಪನ್ನು ನಿಗದಿತ ಟಾರ್ಕಿಗೆ ಬಿಗಿದು ರಾಡಿನ ರಂಧ್ರ ದುಂಡಗಿದೆಯೇ, ರಾಡ್ ಬಾಗಿದೆಯೇ ಎಂದು ಪರೀಕ್ಷಿಸಬೇಕು. ಹೊಸ ಬೇರಿಂಗ್ ಕೂರಿಸುವ ಮುನ್ನ ಕ್ರ್ಯಾಂಕಿನ ಎಣ್ಣೆ ರಂಧ್ರಗಳನ್ನೂ ಆಯಿಲ್ ಕೂಲರನ್ನೂ ಶುದ್ಧಗೊಳಿಸಬೇಕು. ಹಿಂದಿನ ವೈಫಲ್ಯದ ಚೂರುಗಳು ಅಡಗಿ ಕೂರುವುದು ಅಲ್ಲಿಯೇ.

ಇವೆಲ್ಲವನ್ನು ಒಂದು ಪುಟದ ನಮೂನೆಯಲ್ಲಿ ಭರ್ತಿ ಮಾಡಿ, ಮೇಸ್ತ್ರಿ ಮತ್ತು ಅಳತೆ ತೆಗೆದವರಿಬ್ಬರ ಸಹಿ ಪಡೆದು, ಬಿಲ್ಲಿನೊಡನೆ ಲಗತ್ತಿಸಬೇಕು. ಈ ನಮೂನೆ ಇಲ್ಲದ ಬಿಲ್ಲಿಗೆ ಹತ್ತನೆಯ ಒಂದು ಭಾಗವನ್ನು ತಡೆಹಿಡಿಯುವ ನಿಯಮವನ್ನು ಕೆಲಸ ಒಪ್ಪಿಸುವಾಗಲೇ ಮಾತಾಡಿಕೊಳ್ಳಬಹುದು. ಹಳೆಯ ಚಿಪ್ಪುಗಳನ್ನು ಹೊಸ ಎಂಜಿನ್ ಕೆಲಸದ ಖಾತರಿ ಅವಧಿ ಮುಗಿಯುವವರೆಗೆ ಚೀಲದಲ್ಲಿ ಕಟ್ಟಿ ಕಾದಿಡಬೇಕು.

ವಾಣಿಜ್ಯ ಮಂಡಳಿಗಳಿಗೂ ಇಲ್ಲಿ ಪಾತ್ರವಿದೆ. ಇಂಥ ನಮೂನೆಯೊಂದನ್ನು ಕನ್ನಡದಲ್ಲಿ ಮುದ್ರಿಸಿ ಸದಸ್ಯರಿಗೂ ಗ್ಯಾರೇಜುಗಳಿಗೂ ಹಂಚುವುದು ದೊಡ್ಡ ವೆಚ್ಚದ ಕಾರ್ಯವಲ್ಲ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಅಳತೆ ಉಪಕರಣಗಳನ್ನು ಸಾಧಾರಣ ಶುಲ್ಕಕ್ಕೆ ಬಳಸುವ ಏರ್ಪಾಟು ಮಾಡಬಹುದು. ಸದಸ್ಯರ ವರದಿಗಳು ಒಂದೆಡೆ ಸೇರಿದರೆ ಯಾವ ಬಗೆಯ ಕೆಲಸದಲ್ಲಿ, ಯಾವ ಕಾರಣಕ್ಕೆ ಎಂಜಿನುಗಳು ಹೆಚ್ಚು ಕೆಡುತ್ತಿವೆ ಎಂಬುದು ಒಂದೆರಡು ವರ್ಷಗಳಲ್ಲಿ ತಿಳಿದುಬರುತ್ತದೆ. ಬಿಡಿಭಾಗದ ತಯಾರಕರೊಡನೆ ಖಾತರಿಯ ವಿಷಯದಲ್ಲಿ ವಾದಿಸಲು ಒಬ್ಬ ಲಾರಿ ಮಾಲೀಕರಿಗೆ ಆಗದ್ದು ಅಂಥ ದಾಖಲೆ ಹಿಡಿದ ಮಂಡಳಿಗೆ ಸಾಧ್ಯವಾದೀತು.

ಈ ಆರ್ಥಿಕ ವರ್ಷದ ಲೆಕ್ಕ ಮುಗಿಸುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ದುರಸ್ತಿ ಖಾತೆಯನ್ನು ತೆರೆದು, ಒಂದೇ ವಾಹನದ ಅಥವಾ ಒಂದೇ ಜನರೇಟರಿನ ಹೆಸರಿನಲ್ಲಿ ಎರಡು ಬಾರಿ ಬೇರಿಂಗ್ ಸೆಟ್ ಖರೀದಿಯಾಗಿದೆಯೇ ಎಂದು ನೋಡುವುದು ಒಳಿತು. ಆಗಿದ್ದಲ್ಲಿ ಎರಡನೆಯ ಬಿಲ್ಲು ಮೊದಲನೆಯ ಬಿಲ್ಲಿನಲ್ಲಿ ಬರೆಯದೆ ಬಿಟ್ಟ ಕಾರಣದ ಬೆಲೆ ಎಂದೇ ತಿಳಿಯಬೇಕು.